ಮಾಯೆಗೂ ಒಂದು ಮೇರೆ

ಕಳೆದ ಮಳೆಗಾಲದಲ್ಲಿ ನಾವು ಕಳಸದ ಸಮೀಪದ ಒಂದು ಕಾಫಿ ತೋಟದ ಮನೆಯಲ್ಲಿ ನಾಲ್ಕು ದಿನ ತಂಗಬೇಕಾಯಿತು. ಹೋದುದು ಕುದುರೆಮುಖದ ಶ್ರೇಣಿಯನ್ನು ಕಣ್ಣಾರೆ ಕಾಣಬೇಕೆಂಬ ಆಸೆಯಿಂದ. ಆದರೆ ಆ ಮಹಾಪರ್ವತವು ನಾಲ್ಕು ದಿನವೂ ಮೋಡದ ಕಂಬಳಿಯನ್ನು ಹೊದ್ದು ಮಲಗಿತ್ತು. ಒಮ್ಮೆಯಾದರೂ ಮೋರೆ ತೋರಿಸಲಿಲ್ಲ. ಜಡಿಮಳೆಯಲ್ಲಿ ಅಂಗಳಕ್ಕೆ ಇಳಿಯುವಂತೆಯೂ ಇರಲಿಲ್ಲ. ಆ ಮನೆಯ ಮೊಮ್ಮಗ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿರುವ ತರುಣ. ನಾವು ಬರೆಯುವ ಕಸುಬಿನವರೆಂದು ತಿಳಿದು, ತಾನು ಬರೆದ ಒಂದು ಮಾಯಾಕಥೆಯನ್ನು ಓದಿ ಹೇಳುವುದಾಗಿ ಸಂಕೋಚದಿಂದಲೇ ಕೇಳಿಕೊಂಡನು. ಒಲೆಯ ಬೆಚ್ಚಗಿನ ಬಳಿ ಕುಳಿತು ನಾವು ಕೇಳಿದೆವು. ಅವನ ಅಜ್ಜಿಯೂ ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತ ಕೇಳುತ್ತಿದ್ದರು.

ಕಥೆಯ ನಾಯಕನಿಗೆ ಒಬ್ಬ ಋಷಿಯು ಬೆತ್ತವೊಂದನ್ನು ಕೊಡುತ್ತಾನೆ. ಎತ್ತಿದರೆ ಬೆಂಕಿ, ತಗ್ಗಿಸಿದರೆ ನೀರು, ಬೀಸಿದರೆ ಬಿರುಗಾಳಿ. ಹಿಡಿದವನು ಬಯಸಿದುದೆಲ್ಲವೂ ಆಗುವುದು. ಭಾಷೆ ಚೆನ್ನಾಗಿತ್ತು, ವರ್ಣನೆಯೂ ಇತ್ತು. ಹತ್ತನೆಯ ಪುಟಕ್ಕೆ ಬರುವಾಗ ನಾಯಕನು ಕಾಡಿನಲ್ಲಿ ದಾರಿ ತಪ್ಪಿ ಮೂರು ದಿನ ಹಸಿವಿನಿಂದ ಬಳಲುತ್ತಾನೆ. ಅಜ್ಜಿಯ ಕೈ ನಿಂತಿತು. “ಅಲ್ಲ ಮಾರಾಯ, ಬೆತ್ತ ಕೈಯಲ್ಲೇ ಇತ್ತಲ್ಲ? ಅಷ್ಟೆಲ್ಲ ಆಗ್ತಿತ್ತು ಅಂದ್ರೆ ಅವನಿಗೆ ಹಸಿವು ಯಾಕಾಯ್ತು?” ಎಂದು ಕೇಳಿದರು. ತರುಣನ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ವಿಮರ್ಶೆಯ ನಾಲ್ಕು ಗ್ರಂಥಗಳನ್ನು ತಿರುವಿ ಹಾಕಿದ ನಮಗೂ ಅದಕ್ಕಿಂತ ಹರಿತವಾದ ಪ್ರಶ್ನೆ ಹೊಳೆದಿರಲಿಲ್ಲ.

ಕಥೆ ಮುಂದುವರಿಯಿತು. ನಾಯಕನ ಶತ್ರು ಯಾರೆಂದರೆ ಊರಂಚಿನ ಗುಡಿಸಿಲಿನಲ್ಲಿ ಒಂಟಿಯಾಗಿ ವಾಸಿಸುವ ಒಬ್ಬ ಮುದುಕಿ. ಅವಳು ಮಾಟಗಾತಿ. ಅವಳು ಹೇಗೆ ಮಾಟ ಮಾಡುವಳು, ಯಾವಾಗ ಮಾಡಬಲ್ಲಳು, ಏನನ್ನು ಮಾಡಲಾರಳು ಎಂಬುದೊಂದೂ ಕಥೆಯಲ್ಲಿಲ್ಲ. ಊರಿನಲ್ಲಿ ಹಸು ಸತ್ತರೂ ಅವಳೇ ಕಾರಣ. ಮಗುವಿಗೆ ಜ್ವರ ಬಂದರೂ ಅವಳೇ. ಈ ಸಲ ಅಜ್ಜಿ ಪ್ರಶ್ನೆ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಮದುವೆಯಾಗಿ ಬಂದ ಹೊಸತರಲ್ಲಿ ಹೊಳೆಯಾಚೆ ಅಂಥದೇ ಒಬ್ಬ ಹೆಂಗಸು ಇದ್ದಳೆಂದೂ, ಯಾರೋ ಅವಳ ಮೇಲೆ ಮಾಟದ ಮಾತೆತ್ತಿದ ಮೇಲೆ ಅವಳ ಬಾವಿಯ ನೀರನ್ನು ಯಾರೂ ಮುಟ್ಟದೆ, ಅವಳೊಡನೆ ಯಾರೂ ಮಾತಾಡದೆ ಹೋದರೆಂದೂ, ಒಂದು ದಿನ ಅವಳು ಊರನ್ನೇ ಬಿಟ್ಟು ಹೋದಳೆಂದೂ ಹೇಳಿದರು. “ಅವಳು ಏನೂ ಮಾಡಿರ್ಲಿಲ್ಲ. ಆದ್ರೆ ಮಾಡಿಲ್ಲ ಅಂತ ತೋರಿಸೋದು ಹೇಗೆ ಹೇಳು?”

ಅಜ್ಜಿಯ ಈ ಎರಡು ಪ್ರಶ್ನೆಗಳೇ ಈ ಲೇಖನಕ್ಕೆ ಕಾರಣ. ವಿಜ್ಞಾನದ ಪತ್ರಿಕೆಯಲ್ಲಿ ಮಾಯಾಕಥೆಗೇನು ಕೆಲಸ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ನಮ್ಮ ಅಭಿಪ್ರಾಯವು ಹೀಗಿದೆ: ಕಥೆಯಲ್ಲಿ ಬರುವ ಮಾಯೆಯು ಮನಸ್ಸಿಗೆ ಹಿಡಿಸಬೇಕಾದರೆ ಅದಕ್ಕೊಂದು ಮೇರೆ ಇರಬೇಕು, ಒಂದು ಕಟ್ಟಳೆ ಇರಬೇಕು, ಒಂದು ಬೆಲೆಯೂ ಇರಬೇಕು. ಮೇರೆಯಿಲ್ಲದ ಮಾಯೆಯು ಕಥೆಯಲ್ಲಿ ಬೇಸರ ತರುತ್ತದೆ. ಬದುಕಿನಲ್ಲಿ ಅಪಾಯ ತರುತ್ತದೆ. ಈ ಎರಡಕ್ಕೂ ಮೂಲ ಒಂದೇ.

ಮೇರೆಯುಳ್ಳ ಮಾಯೆಯನ್ನು ಹುಡುಕಿಕೊಂಡು ನಾವು ಕಡಲಾಚೆಗೆ ಹೋಗಬೇಕಾಗಿಲ್ಲ. ಕನ್ನಡದ ಹೆಂಗಸರು ಅಡುಗೆಮನೆಯಲ್ಲಿ, ಮಕ್ಕಳನ್ನು ಮಲಗಿಸುವಾಗ ಹೇಳುತ್ತ ಬಂದ ಒಂದು ಕಥೆಯುಂಟು. ಮೈಸೂರಿನಲ್ಲಿ ಹುಟ್ಟಿದ ವಿದ್ವಾಂಸ ಎ. ಕೆ. ರಾಮಾನುಜನ್ ಅವರು ಅದನ್ನು ಸಂಗ್ರಹಿಸಿದರು. ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1997ರಲ್ಲಿ, ಅದರ ಹೆಸರನ್ನೇ ಹೊತ್ತ ಇಂಗ್ಲಿಷ್ ಕಥಾಸಂಕಲನ ಹೊರಬಂದಿತು. 2006ರಲ್ಲಿ ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ಅದನ್ನು ಗೀತನಾಟಕವನ್ನಾಗಿ ಮಾಡಿ ವಿಯೆನ್ನಾ ನಗರದಲ್ಲಿ ಆಡಿಸಿದನು. ಕಥೆ ಹೀಗಿದೆ. ಬಡ ಮುದುಕಿಯೊಬ್ಬಳ ಕಿರಿಯ ಮಗಳಿಗೆ ಹೂವಿನ ಮರವಾಗುವ ಶಕ್ತಿಯುಂಟು. ಆದರೆ ಅದು ಬರಿಯ ಬಯಕೆಯಿಂದ ಆಗುವುದಲ್ಲ. ನೆಲವನ್ನು ಗುಡಿಸಿ ಸಾರಿಸಬೇಕು. ಉಗುರು ತಾಗದಂತೆ ಎರಡು ಕೊಡ ನೀರು ತರಬೇಕು. ಅವಳು ಧ್ಯಾನಿಸುತ್ತ ಕುಳಿತಾಗ ಅಕ್ಕನು ಒಂದು ಕೊಡದ ನೀರನ್ನು ಮೈಮೇಲೆ ಸುರಿಯಬೇಕು; ಅವಳು ಮರವಾಗುವಳು. ಚಿಗುರು ಮುರಿಯದಂತೆ, ಎಲೆ ಹರಿಯದಂತೆ ಹೂ ಬಿಡಿಸಿಕೊಳ್ಳಬೇಕು. ಆ ಮೇಲೆ ಎರಡನೆಯ ಕೊಡವನ್ನು ಸುರಿದರೆ ಮರವು ಮತ್ತೆ ಹುಡುಗಿಯಾಗುವುದು.

ಇದರಲ್ಲಿ ಎಷ್ಟು ನಿಯಮಗಳಿವೆಯೆಂಬುದನ್ನು ವಾಚಕರು ಎಣಿಸಿ ನೋಡಬೇಕು. ಒಂದೊಂದು ನಿಯಮವೂ ಕಥೆಯಲ್ಲಿ ಮುಂದೆ ಕೆಲಸಕ್ಕೆ ಬರುತ್ತದೆ. ಮರವಾದವಳು ತನ್ನನ್ನು ತಾನು ಮತ್ತೆ ಮನುಷ್ಯಳನ್ನಾಗಿ ಮಾಡಿಕೊಳ್ಳಲಾರಳು. ನೀರು ಸುರಿಯಲು ಇನ್ನೊಬ್ಬರ ಕೈ ಬೇಕು. ಆದುದರಿಂದ ಅವಳ ಶಕ್ತಿಯೇ ಅವಳನ್ನು ಪರಾಧೀನಳನ್ನಾಗಿ ಮಾಡುತ್ತದೆ. ಅಕ್ಕನ ಕೈಯಲ್ಲಿ ಅವಳು ಸುರಕ್ಷಿತಳು. ರಾಜಕುಮಾರನನ್ನು ಮದುವೆಯಾದ ಮೇಲೆ ಅವಳ ನಾದಿನಿಯೂ ಗೆಳತಿಯರೂ ತೋಪಿಗೆ ಕರೆದುಕೊಂಡು ಹೋಗಿ ಮರವಾಗೆಂದು ಪೀಡಿಸುತ್ತಾರೆ. ಹೂವಿನ ಆಸೆಗೆ ಟೊಂಗೆಗಳನ್ನೇ ಮುರಿಯುತ್ತಾರೆ. ಎರಡನೆಯ ಕೊಡವನ್ನು ಹೇಗೋ ಚೆಲ್ಲಿ ಓಡಿಹೋಗುತ್ತಾರೆ. ಅವಳು ಕೈಕಾಲುಗಳಿಲ್ಲದ ಅರೆಜೀವವಾಗಿ ಉಳಿಯುತ್ತಾಳೆ. ಮುರಿದ ಟೊಂಗೆಗಳೇ ಮುರಿದ ಕೈಕಾಲುಗಳು. ಕೊನೆಗೆ ಗಂಡನು ಅವಳನ್ನು ಗುರುತಿಸಿ, ಮರವಾಗಿಸಿ, ಮುರಿದ ಟೊಂಗೆಗಳನ್ನು ನೆಟ್ಟಗೆ ಕೂಡಿಸಿ, ಮತ್ತೆ ನೀರು ಸುರಿದಾಗ ಅವಳು ಇಡಿಯಾಗುವಳು. ಎಲ್ಲಿಂದಲೋ ಇಳಿದುಬಂದ ದೇವತೆಯು ಅವಳನ್ನು ಗುಣಪಡಿಸಲಿಲ್ಲವೆಂಬುದನ್ನು ಗಮನಿಸಬೇಕು. ಮೊದಲ ಪುಟದಲ್ಲಿ ಹೇಳಿದ ನಿಯಮವೇ ಕೆಡಿಸಿತು, ಆ ನಿಯಮವೇ ಸರಿಪಡಿಸಿತು.

ಈ ಕಥೆಯನ್ನು ನೆನೆದಾಗಲೆಲ್ಲ ನಮಗೆ ಮೂಡಿಗೆರೆಯ ಕಾಫಿ ತೋಟಗಳ ನೆನಪಾಗುತ್ತದೆ. ಅದಕ್ಕೆ ಕಾರಣವುಂಟು. ಕಾಫಿಯ ಗಿಡದಲ್ಲಿ ಚಳಿಗಾಲ ಕಳೆಯುವಾಗಲೇ ಮೊಗ್ಗುಗಳು ಕೂಡಿ, ಒಂದಿಷ್ಟು ಬೆಳೆದು, ಅಲ್ಲಿಗೇ ನಿಂತುಬಿಡುತ್ತವೆ. ಅವು ಸತ್ತಿಲ್ಲ, ನಿದ್ರಿಸುತ್ತಿವೆ. ಕೆಲವು ವಾರಗಳ ಒಣಹವೆಯು ಅವುಗಳಿಗೆ ಬೇಕೇಬೇಕು. ಹಾಗೆ ಬಾಯಾರಿದ ಗಿಡದ ಮೇಲೆ ಮಾರ್ಚಿಯಲ್ಲೋ ಏಪ್ರಿಲಿನಲ್ಲೋ ಸುಮಾರು ಒಂದು ಅಂಗುಲದಷ್ಟು ಮಳೆ ಬಿದ್ದರೆ ಮೊಗ್ಗುಗಳು ನೀರು ಹೀರಿ ಎಚ್ಚರಗೊಳ್ಳುತ್ತವೆ. ಮೊಗ್ಗಿನೊಳಗೆ ಗಿಬ್ಬರೆಲಿನ್ ಎಂಬ ಬೆಳವಣಿಗೆಯ ರಸದ ಪ್ರಮಾಣ ಏರುತ್ತದೆ. ಎಂಟು ಹತ್ತು ದಿನ ಕಳೆಯುವಷ್ಟರಲ್ಲಿ, ಒಂದು ಬೆಳಗ್ಗೆ, ಇಡೀ ಬೆಟ್ಟದ ತೋಟಗಳೆಲ್ಲ ಒಟ್ಟಿಗೆ ಬಿಳಿಯ ಹೂ ಹೊತ್ತು ನಿಲ್ಲುತ್ತವೆ. ಮಲ್ಲಿಗೆಯನ್ನು ಹೋಲುವ ಆ ಕಂಪು ರಸ್ತೆಯಲ್ಲಿ ಹೋಗುವ ಬಸ್ಸಿನೊಳಕ್ಕೂ ಬರುತ್ತದೆ. ಎರಡು ಮೂರು ದಿನಗಳಲ್ಲಿ ಎಲ್ಲವೂ ಬಾಡಿಹೋಗುತ್ತದೆ.

ಬೆಳೆಗಾರರು ಆ ಮೊದಲ ಮಳೆಯನ್ನು ಹೂಮಳೆಯೆಂದು ಕರೆಯುತ್ತಾರೆ. ಅಷ್ಟರಿಂದಲೇ ಕೆಲಸ ಮುಗಿಯಲಿಲ್ಲ. ಎರಡು ಮೂರು ವಾರಗಳೊಳಗೆ ಇನ್ನೊಂದು ಮಳೆ ಬರಬೇಕು. ಅದಕ್ಕೆ ಬ್ಯಾಕಿಂಗ್ ಮಳೆಯೆಂದು ಹೆಸರು. ಅದು ಬಾರದಿದ್ದರೆ ಕಟ್ಟಿದ ಕಾಯಿ ನಿಲ್ಲುವುದು ಕಷ್ಟ. ಹೂಮಳೆಯು ಸಾಲದೆ ಬಂದರೆ ಮೊಗ್ಗುಗಳು ಅರೆಬಿರಿದು ಒಣಗುತ್ತವೆ. ಹೂವು ಅರಳಿದ ದಿನವೇ ಮಳೆ ಸುರಿದರೆ ಪರಾಗವು ತೊಳೆದುಹೋಗಿ ಫಸಲು ಕೆಡುತ್ತದೆ. ಗಾಳಿ ಮತ್ತು ಜೇನುನೊಣಗಳ ನೆರವಿನಿಂದ ಬೇರೆ ಗಿಡದ ಪರಾಗವನ್ನು ಪಡೆಯಲೇಬೇಕಾದ ರೊಬಸ್ಟಾ ಜಾತಿಗೆ ಇದು ಇನ್ನೂ ಹೆಚ್ಚಿನ ಪೆಟ್ಟು. ಮಳೆಯನ್ನು ನೆಚ್ಚಲಾರದ ಬೆಳೆಗಾರರು ಈಗ ಸ್ಪ್ರಿಂಕ್ಲರುಗಳಿಂದ ತಾವೇ ಹೂಮಳೆ ಸುರಿಸುತ್ತಾರೆ. ಅಂದಮೇಲೆ ಎರಡು ಕೊಡ ನೀರು, ಒಂದು ಹೂವಿಗೆ, ಇನ್ನೊಂದು ಮುಂದಿನ ಬಾಳಿಗೆ. ಹೊತ್ತು ತಪ್ಪಿದರೆ, ಅಳತೆ ತಪ್ಪಿದರೆ, ಅರೆಜೀವ! ಆ ಕಥೆಯನ್ನು ಕಟ್ಟಿದ ತಾಯಂದಿರು ಕಾಫಿಯನ್ನು ನೋಡಿ ಕಟ್ಟಿದರೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ಆದರೆ ಮಣ್ಣು, ನೀರು, ಗಿಡಗಳೊಡನೆ ದಿನನಿತ್ಯ ಬಾಳುವವರ ಕಲ್ಪನೆಗೆ ನಿಯಮವೆಂಬುದು ಹೊರಗಿನಿಂದ ಹೇರಿದ ಹೊರೆಯಾಗಿ ತೋರುವುದಿಲ್ಲ. ನೀರಿಗೆ ಅಳತೆಯುಂಟು, ಹೊತ್ತುಂಟು ಎಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿಲ್ಲ.

ನಮ್ಮ ಹಳೆಯ ಕವಿಗಳೂ ಈ ಗುಟ್ಟನ್ನು ಚೆನ್ನಾಗಿ ಬಲ್ಲವರು. ಕರ್ಣನಿಗೆ ಇಂದ್ರನು ಕೊಟ್ಟ ಶಕ್ತ್ಯಾಯುಧವನ್ನೇ ತೆಗೆದುಕೊಳ್ಳೋಣ. ಅದು ತಪ್ಪದೆ ಕೊಲ್ಲುವ ಆಯುಧ. ಆದರೆ ಒಂದೇ ಒಂದು ಸಲ. ಅದರ ಬೆಲೆಯೂ ಅಗ್ಗವಲ್ಲ. ಹುಟ್ಟಿನೊಡನೆ ಬಂದ ಕವಚಕುಂಡಲಗಳನ್ನು ಮೈಯಿಂದ ಕೊಯ್ದು ಕೊಟ್ಟು ಪಡೆದುದು. ಕರ್ಣನು ಅದನ್ನು ಅರ್ಜುನನಿಗಾಗಿ ಬಚ್ಚಿಟ್ಟುಕೊಂಡಿರುತ್ತಾನೆ. ಇರುಳಿನ ಯುದ್ಧದಲ್ಲಿ ಘಟೋತ್ಕಚನು ಕೌರವಸೇನೆಯನ್ನು ಅರೆಯುತ್ತಿರುವಾಗ, ಸುತ್ತಲಿನವರ ಮೊರೆಗೆ ಮಣಿದು ಅವನ ಮೇಲೆ ಪ್ರಯೋಗಿಸಿಬಿಡುತ್ತಾನೆ. ಘಟೋತ್ಕಚನು ಬಿದ್ದನು, ಅಲ್ಲಿಗೆ ಅರ್ಜುನನು ಉಳಿದನು. ಆ ಆಯುಧವನ್ನು ಎಷ್ಟು ಸಲ ಬೇಕಾದರೂ ಬಳಸಬಹುದಾಗಿದ್ದರೆ ಆ ರಾತ್ರಿಯಲ್ಲಿ ಕಥೆಯೇನಿತ್ತು? ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಯಕ್ಷಗಾನದ ಪ್ರೇಕ್ಷಕರು ನಿದ್ದೆಗೆಟ್ಟು ಕುಳಿತು ನೋಡುವುದು ಬಾಣದ ಬಿರುಸನ್ನಲ್ಲ. ಒಂದೇ ಸಲ ಸಿಗುವುದನ್ನು ಯಾರಿಗಾಗಿ ವೆಚ್ಚ ಮಾಡಬೇಕೆಂಬ ಕರ್ಣನ ಇಕ್ಕಟ್ಟನ್ನು.

ಹತ್ತನೆಯ ಶತಮಾನದ ಕವಿ ರನ್ನನ ಗದಾಯುದ್ಧದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಪ್ರಸಂಗವುಂಟು. ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿ ಕುಳಿತಿರುತ್ತಾನೆ. ಮಂತ್ರವು ಸರಿಯಾಗಿಯೇ ಕೆಲಸ ಮಾಡುತ್ತಿದೆ; ನೀರು ಅವನನ್ನು ಮುಳುಗಿಸುವುದಿಲ್ಲ, ಹೊರಗಿನವರು ಒಳಗೆ ಬರಲಾರರು. ಆದರೆ ದಡದಲ್ಲಿ ನಿಂತ ಭೀಮನ ಹೀಯಾಳಿಕೆಯ ಮಾತು ಆ ನೀರನ್ನು ದಾಟಿ ಕಿವಿಗೆ ತಲುಪುತ್ತದೆ. ಮಂತ್ರಕ್ಕೆ ನೀರನ್ನು ಕಟ್ಟುವ ಶಕ್ತಿಯಿದೆ; ಅಭಿಮಾನವನ್ನು ಕಟ್ಟುವ ಶಕ್ತಿಯಿಲ್ಲ. ಅವನು ಎದ್ದು ಬರುತ್ತಾನೆ. ಮಾಯೆಯ ಮೇರೆಯು ಎಲ್ಲಿ ಮುಗಿಯುವುದೋ ಅಲ್ಲಿಂದ ಮನುಷ್ಯನು ಪ್ರಾರಂಭವಾಗುವನು. ಕಥೆಗಾರನಿಗೆ ಬೇಕಾದ ಜಾಗವೂ ಅದೇ.

ಇನ್ನು ಪಶ್ಚಿಮದವರ ವಿಚಾರ. ನಮ್ಮ ತರುಣರು ಈಗ ಹೆಚ್ಚಾಗಿ ಓದುತ್ತಿರುವುದು ಅವರನ್ನೇ. ಅದರಲ್ಲಿ ತಪ್ಪೇನೂ ಇಲ್ಲ. ಅಮೆರಿಕದ ಲೇಖಕಿ ಅರ್ಸುಲಾ ಲಗ್ವಿನ್ 1968ರಲ್ಲಿ ಪ್ರಕಟಿಸಿದ ಅರ್ತ್‌ಸೀ ಮಾಲಿಕೆಯ ಮೊದಲ ಕಾದಂಬರಿಯಲ್ಲಿ ಮಂತ್ರವಾದಿಯು ವಸ್ತುವಿನ ನಿಜನಾಮವನ್ನು ಅರಿತರೆ ಮಾತ್ರ ಅದರ ಮೇಲೆ ಅಧಿಕಾರ ಪಡೆಯುವನು. ಜೊತೆಗೆ, ಜಗತ್ತೆಲ್ಲ ಒಂದು ಸಮತೋಲದಲ್ಲಿ ನಿಂತಿದೆ; ಇಲ್ಲಿ ಗಾಳಿಯನ್ನು ತಿರುಗಿಸಿದರೆ ಇನ್ನೆಲ್ಲಿಯೋ ಅದರ ಫಲವನ್ನು ಯಾರೋ ಉಣ್ಣಬೇಕಾಗುವುದು. ಬ್ರಾಂಡನ್ ಸ್ಯಾಂಡರ್‌ಸನ್ ಎಂಬ ಲೇಖಕನು 2006ರಲ್ಲಿ ಹೊರಬಂದ ಮಿಸ್ಟ್‌ಬಾರ್ನ್ ಕಾದಂಬರಿಯಲ್ಲಿ ಇನ್ನೂ ಮುಂದೆ ಹೋಗಿದ್ದಾನೆ. ಅಲ್ಲಿಯ ವೀರರು ಲೋಹದ ಚೂರುಗಳನ್ನು ನುಂಗಿ ಒಡಲಿನಲ್ಲಿ ಉರಿಸುತ್ತಾರೆ. ಕಬ್ಬಿಣವನ್ನು ಉರಿಸಿದವನು ಸುತ್ತಣ ಲೋಹಗಳನ್ನು ತನ್ನೆಡೆಗೆ ಎಳೆಯಬಲ್ಲನು. ಉಕ್ಕನ್ನು ಉರಿಸಿದವನು ತಳ್ಳಬಲ್ಲನು. ಆದರೆ ತನಗಿಂತ ಭಾರವಾದುದನ್ನು ತಳ್ಳಿದರೆ ತಾನೇ ಹಿಂದಕ್ಕೆ ಎಸೆಯಲ್ಪಡುವನು. ನೆಲದ ಮೇಲೆ ನಾಣ್ಯವನ್ನೆಸೆದು ಅದನ್ನು ತಳ್ಳಿ ತಾನು ಮೇಲಕ್ಕೇರುವನು. ನ್ಯೂಟನ್ನನ ಮೂರನೆಯ ನಿಯಮವನ್ನು ಹೈಸ್ಕೂಲಿನಲ್ಲಿ ಉರುಹೊಡೆದು ಮರೆತ ಎಷ್ಟೋ ಹುಡುಗರಿಗೆ ಈ ಕಾದಂಬರಿಯು ಅದನ್ನು ಮತ್ತೆ ನೆನಪಿಗೆ ತಂದಿರಬೇಕು. ಓದುಗನಿಗೆ ಮಾಯೆಯ ನಿಯಮ ಎಷ್ಟರಮಟ್ಟಿಗೆ ತಿಳಿದಿದೆಯೋ ಅಷ್ಟರಮಟ್ಟಿಗೆ ಮಾತ್ರ ಲೇಖಕನು ಆ ಮಾಯೆಯಿಂದ ಕಥೆಯ ತೊಡಕನ್ನು ಬಿಡಿಸಬಹುದು ಎಂದು ಈತನು 2007ರಲ್ಲಿ ಒಂದು ಸೂತ್ರವನ್ನೂ ಹೇಳಿದನು. ಸೂತ್ರ ಚೆನ್ನಾಗಿದೆ. ಹಲಸಿನ ಬೀಜ ಬಿಡಿಸುತ್ತ ಅಜ್ಜಿ ಕೇಳಿದ ಪ್ರಶ್ನೆಯೂ ಅದೇ ಅಲ್ಲವೆ?

ಈ ಲೋಹದ ವೀರನನ್ನು ಕುದುರೆಮುಖಕ್ಕೆ ಕರೆತಂದು ನಿಲ್ಲಿಸಿದರೆ ಏನಾಗುವುದೆಂದು ಯೋಚಿಸುವುದು ಒಳ್ಳೆಯ ವಿನೋದ. ಬೆಟ್ಟದ ಒಡಲೆಲ್ಲ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು. ಅಯಸ್ಕಾಂತವು ಅದನ್ನು ಎಳೆಯುವುದು. ಆದರೆ ಅದಿರಿನಲ್ಲಿ ಇರುವುದು ಶುದ್ಧ ಲೋಹವಲ್ಲ, ಆಮ್ಲಜನಕದೊಡನೆ ಕೂಡಿದ ಕಬ್ಬಿಣ. ಅದು ನಮ್ಮ ವೀರನ ಎಳೆತಕ್ಕೆ ಬಗ್ಗುವುದೇ? ಬಗ್ಗಿದರೆ ಬೆಟ್ಟ ಅವನತ್ತ ಬರುವುದೋ, ಅವನು ಬೆಟ್ಟಕ್ಕೆ ಅಪ್ಪಳಿಸುವನೋ? ಎರಡನೆಯ ಪ್ರಶ್ನೆಗೆ ನಮ್ಮ ವಿದ್ಯಾರ್ಥಿಗಳು ಉತ್ತರ ಹೇಳಬಲ್ಲರು.

ಬೆಲೆಯ ಮಾತು ಬಂದಾಗ ಅದೇ ಬೆಟ್ಟವು ಇನ್ನೊಂದು ಪಾಠವನ್ನು ನಮ್ಮ ಮುಂದಿಡುತ್ತದೆ. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರಿನ ಕಂಪನಿಯು ಅಲ್ಲಿಯ ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಸಾಗಿಸುತ್ತಿತ್ತು. ಘಟ್ಟದ ಮೇಲಿನ ಬೆಟ್ಟವೊಂದು ಕೊಳವೆಯಲ್ಲಿ ಹರಿದು ಕಡಲಿಗೆ ಇಳಿಯುವುದೆಂದರೆ ಅದು ಯಾವ ಇಂದ್ರಜಾಲಕ್ಕೆ ಕಡಮೆ? ಆದರೆ ಅರೆದುದರಲ್ಲಿ ಬೇಡದ ಭಾಗ ಎಲ್ಲಿಗೂ ಹೋಗಲಿಲ್ಲ. ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಹಿಂದೆ ಅದು ಹೂಳಾಗಿ ಕುಳಿತಿದೆ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಹೂಳು ನಿಂತಲ್ಲಿಯೇ ಇದೆ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಮಲೆಯ ವಿಚಾರವಿದು. ಮಾಯೆಯಿಂದ ಚಿನ್ನದ ರಾಶಿಯನ್ನು ತರಿಸುವ ಕಥೆಗಾರರು, ಆ ಚಿನ್ನ ಇದ್ದ ಜಾಗದಲ್ಲಿ ಈಗ ಏನಿದೆಯೆಂದು ಒಂದು ಸಾಲನ್ನಾದರೂ ಬರೆದರೆ ಅವರ ಕಥೆ ಎಷ್ಟೋ ಮೇಲಕ್ಕೇರುವುದು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಎಲ್ಲಕ್ಕೂ ನಿಯಮವಿಟ್ಟರೆ ಬೆರಗು ಎಲ್ಲಿ ಉಳಿಯಿತು, ಮಾಯೆಯು ಇನ್ನೊಂದು ಯಂತ್ರಶಾಸ್ತ್ರವಾಗಿಬಿಡುವುದಿಲ್ಲವೆ ಎಂದು ಕೇಳುವವರುಂಟು. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಈಚಿನ ಕೆಲವು ಕಾದಂಬರಿಗಳಲ್ಲಿ ಮಂತ್ರದ ವಿವರಣೆಯನ್ನು ಓದುವುದು ರೈಲ್ವೆ ವೇಳಾಪಟ್ಟಿಯನ್ನು ಓದಿದಂತೆಯೇ ಆಗುತ್ತದೆ. ಟೋಲ್ಕೀನನ ಗ್ಯಾಂಡಾಲ್ಫನು ಏನೇನು ಮಾಡಬಲ್ಲನೆಂಬುದು ನಮಗೆ ಪೂರ್ತಿ ತಿಳಿಯುವುದಿಲ್ಲ, ತಿಳಿಯದಿರುವುದೇ ಚೆನ್ನ. ಆದರೆ ಆ ಮಹಾಕಥೆಯು ನಿಂತಿರುವುದು ಗ್ಯಾಂಡಾಲ್ಫನ ಮೇಲಲ್ಲ, ಉಂಗುರದ ಮೇಲೆ. ಉಂಗುರಕ್ಕೆ ಕಟ್ಟಳೆ ಬಿಗಿಯಾಗಿದೆ. ತೊಟ್ಟವನನ್ನು ಮರೆಮಾಡುವುದು, ತೊಟ್ಟವನ ಮನಸ್ಸನ್ನು ತಿನ್ನುವುದು, ಒಂದೇ ಬೆಟ್ಟದ ಬೆಂಕಿಯಲ್ಲಿ ಮಾತ್ರ ಕರಗುವುದು. ಕಥೆಯ ಭಾರ ಹೊರುವ ಮಾಯೆಗೆ ನಿಯಮ ಬೇಕು. ದೂರದಲ್ಲಿ ಮಿಂಚುವ ಮಾಯೆಗೆ ಬೇಡದಿದ್ದರೂ ನಡೆದೀತು.

ತಿಳಿದ ಮಾತ್ರಕ್ಕೆ ಬೆರಗು ಸಾಯುವುದೆಂಬ ನಂಬಿಕೆಯನ್ನಂತೂ ನಾವು ಒಪ್ಪಲಾರೆವು. ಮೂಡಿಗೆರೆಯಲ್ಲಿ ನೆಲಸಿ, ತೋಟ ಮಾಡಿಕೊಂಡು, ಕಾಡು ಸುತ್ತಿ ಬರೆದ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟವಾದ ಕರ್ವಾಲೊ ಕಾದಂಬರಿಯಲ್ಲಿ ಹುಡುಕಿಸುವುದು ಯಾವ ಮಾಯಾಮೃಗವನ್ನೂ ಅಲ್ಲ, ಒಂದು ಹಾರುವ ಓತಿಯನ್ನು. ಪಶ್ಚಿಮಘಟ್ಟದ ಕಾಡುಗಳಲ್ಲಿ, ಅಡಕೆ ತೋಟಗಳಲ್ಲಿ, ಹಾರುವ ಓತಿಯು ನಿಜವಾಗಿಯೇ ಉಂಟು. ಅದರ ಕೆಲವು ಪಕ್ಕೆಲುಬುಗಳು ಉದ್ದವಾಗಿ ಬೆಳೆದು ಚರ್ಮದ ಪೊರೆಯನ್ನು ಕೊಡೆಯ ಕಡ್ಡಿಗಳಂತೆ ಬಿಡಿಸುತ್ತವೆ; ಮರದಿಂದ ಮರಕ್ಕೆ ಅದು ಜಾರುತ್ತ ತೇಲುತ್ತದೆ. ಹಕ್ಕಿಯಂತೆ ಮೇಲಕ್ಕೆ ಹಾರಲಾರದು; ಎತ್ತರವನ್ನು ತೆತ್ತು ದೂರವನ್ನು ಕೊಳ್ಳಬೇಕು. ಈ ನಿಯಮವನ್ನು ಅರಿತ ಮೇಲೆ ನೋಡಿದರೆ ಆ ಪುಟ್ಟ ಪ್ರಾಣಿಯ ಪ್ರತಿಯೊಂದು ನೆಗೆತವೂ ಹೆಚ್ಚು ರೋಮಾಂಚಕಾರಿಯಾಗಿ ತೋರುವುದೇ ಹೊರತು ಕಡಮೆಯಾಗುವುದಿಲ್ಲ. ಕಾದಂಬರಿಯಲ್ಲಿ ವಿಜ್ಞಾನಿಯ ಜೊತೆ ಹಳ್ಳಿಯ ಮಂದಣ್ಣನೂ ಇರುವುದು, ಮತ್ತು ಅವನ ಕಣ್ಣು ವಿಜ್ಞಾನಿಗೆ ಅನಿವಾರ್ಯವಾಗುವುದು, ನಮಗೆ ಎಂದಿಗೂ ಮೆಚ್ಚುಗೆಯ ಸಂಗತಿ.

ಸಾಕಷ್ಟು ಮುಂದುವರಿದ ತಂತ್ರವಿದ್ಯೆಯನ್ನು ಮಾಯೆಯಿಂದ ಬೇರ್ಪಡಿಸಿ ಗುರುತಿಸಲಾಗದು ಎಂಬ ಅರ್ಥದ ಆರ್ಥರ್ ಕ್ಲಾರ್ಕನ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ಸತ್ಯವೆಂದು ನಮ್ಮ ಭಾವನೆ. ತಂತ್ರವಿದ್ಯೆಯು ಕೆಡುವುದಕ್ಕೂ ಒಂದು ಕ್ರಮವಿದೆ. ಏಕೆ ಕೆಟ್ಟಿತೆಂದು ಬಿಚ್ಚಿ ನೋಡಬಹುದು, ಬೇರೊಬ್ಬರು ಮತ್ತೆ ಮಾಡಿ ನೋಡಬಹುದು. ಬಿಚ್ಚಿ ನೋಡಲು ಬಿಡದಿರುವುದೇ ಮೋಸದ ಲಕ್ಷಣ.

ಈಗ ಅಜ್ಜಿಯ ಎರಡನೆಯ ಪ್ರಶ್ನೆಗೆ ಬರೋಣ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳನ್ನೂ ವಿಚಾರಿಸಲು ಒಂದು ಸಮಿತಿಯನ್ನು ರಚಿಸಿದರು. ಅವರು ಕೇಳಿದುದು ಬಹಳ ಸಣ್ಣ ಸಂಗತಿ: ನಾವು ಗೊತ್ತುಮಾಡಿದ ಪರಿಸ್ಥಿತಿಯಲ್ಲಿ ನಿಮ್ಮ ಪವಾಡವನ್ನು ತೋರಿಸಿರಿ. ಆ ಆಹ್ವಾನಕ್ಕೆ ಒಪ್ಪಿಗೆ ದೊರೆಯಲಿಲ್ಲ. ಪರಿಸ್ಥಿತಿಯನ್ನು ಗೊತ್ತುಮಾಡುವುದೆಂದರೆ ಮೇರೆಯನ್ನು ಒಪ್ಪಿಕೊಳ್ಳುವುದು. ಇಂಥದು ಆಗದಿದ್ದರೆ ನಾನು ಸೋತಂತೆ ಎಂದು ಮೊದಲೇ ಮಾತು ಕೊಡುವುದು. ಮರವಾಗುವ ಹುಡುಗಿ ಆ ಮಾತು ಕೊಟ್ಟಿದ್ದಾಳೆ; ಎರಡನೆಯ ಕೊಡ ಸುರಿಯದಿದ್ದರೆ ಅವಳು ಮರವಾಗಿಯೇ ನಿಲ್ಲಬೇಕು. ಕರ್ಣನ ಆಯುಧವೂ ಆ ಮಾತು ಕೊಟ್ಟಿದೆ. ಕಥೆಯೆಂದು ಹೇಳಿಕೊಂಡೇ ಬರುವ ಮಾಯೆಯು ಇಷ್ಟು ಪ್ರಾಮಾಣಿಕವಾಗಿರುವಾಗ, ನಿಜವೆಂದು ಹೇಳಿಕೊಳ್ಳುವ ಮಾಯೆಯು ಏಕೆ ಜಾರಿಕೊಳ್ಳಬೇಕು?

ಊರಂಚಿನ ಆ ಹೆಂಗಸಿನ ಮೇಲೆ ಹೊರಿಸಿದುದು ಇಂಥ ಜಾರುವ ಮಾಟವನ್ನು. ಹಸು ಸತ್ತರೆ ಮಾಟ ಫಲಿಸಿತೆಂದರು; ಸಾಯದಿದ್ದರೆ ಅವಳು ಹೊಂಚುತ್ತಿದ್ದಾಳೆಂದರು. ಅವಳು ಮನೆಯಲ್ಲಿದ್ದರೂ ತಪ್ಪು, ದೇವಸ್ಥಾನಕ್ಕೆ ಹೋದರೂ ತಪ್ಪು. ಯಾವುದು ನಡೆದರೆ ಅವಳು ನಿರಪರಾಧಿಯೆಂದು ತೀರ್ಮಾನವಾಗುವುದೋ ಅಂಥ ಒಂದು ಸಂಗತಿಯನ್ನೂ ಊರವರು ಉಳಿಸಿರಲಿಲ್ಲ. ಯಾವ ಸಾಕ್ಷಿಯಿಂದಲೂ ಸುಳ್ಳಾಗಲಾರದ ಆರೋಪಕ್ಕೆ ವಾದವಿಲ್ಲ, ಬಿಡುಗಡೆಯೂ ಇಲ್ಲ. ನಮ್ಮ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು 2017ರಲ್ಲಿ ರೂಪುಗೊಂಡು 2020ರಲ್ಲಿ ಜಾರಿಗೆ ಬಂದ ಕಾನೂನೊಂದಿದೆ. ಒಳ್ಳೆಯದೇ ಆಯಿತು. ಆದರೆ ಕಾನೂನು ಬರುವುದು ಏಟು ಬಿದ್ದ ಮೇಲೆ. ಬಾವಿಯ ನೀರನ್ನು ಮುಟ್ಟದೆ ಹೋಗುವ ನೆರೆಯವಳನ್ನು ಯಾವ ಪೋಲೀಸನೂ ಹಿಡಿಯಲಾರನು. ಹೇಗೆ ಮಾಡಿದಳು, ಯಾವಾಗ ಮಾಡಿದಳು, ಮಾಡದಿದ್ದರೆ ಏನಾಗುತ್ತಿತ್ತು ಎಂದು ಕೇಳುವ ಅಭ್ಯಾಸವು ಆ ನೆರೆಯವಳಿಗೇ ಇರಬೇಕು. ಕೇಳುವ ಈ ಚಾಳಿಯನ್ನು ಮಕ್ಕಳು ಪ್ರಯೋಗಶಾಲೆಯಲ್ಲಿ ಕಲಿಯುವುದಕ್ಕಿಂತ ಮುಂಚೆಯೇ ಕಥೆ ಕೇಳುವಾಗ ಕಲಿಯುತ್ತಾರೆಂಬುದು ನಮ್ಮ ದೃಢವಾದ ನಂಬಿಕೆ. ಕಿಂದರಿಜೋಗಿಯು ಮಕ್ಕಳನ್ನು ಕರೆದುಕೊಂಡು ಹೋದುದೇಕೆಂದು ಕೇಳಿದರೆ ನಮ್ಮ ಯಾವ ಮಗುವೂ ಅವನು ಕೆಟ್ಟವನಾದುದರಿಂದ ಎನ್ನುವುದಿಲ್ಲ. ಊರವರು ಮಾತಿಗೆ ತಪ್ಪಿ ಹಣ ಕೊಡಲಿಲ್ಲ ಎನ್ನುತ್ತದೆ. ಕಾರಣವನ್ನು ಕೇಳುವುದು, ಕೊಟ್ಟ ಕಾರಣವು ಸಾಲುವುದೇ ಎಂದು ತೂಗುವುದು, ಇಷ್ಟನ್ನು ಆ ಮಗು ಆಗಲೇ ಕಲಿತಿದೆ.

ಆದುದರಿಂದಲೇ ಆ ತರುಣನಿಗೆ ಮಾಯಾಕಥೆ ಬರೆಯುವುದನ್ನು ಬಿಡೆಂದು ನಾವು ಹೇಳಲಿಲ್ಲ. ಬೆತ್ತವು ಮಾಡಲಾರದ ಮೂರು ಕೆಲಸಗಳನ್ನು ಮೊದಲು ಬರೆದಿಟ್ಟುಕೋ, ಮಾಟಗಾತಿ ಏನು ಮಾಡಬಲ್ಲಳೆಂದು ನಿನಗೇ ಹೇಳಲಾಗದಿದ್ದರೆ ಅವಳನ್ನು ಕಥೆಯಿಂದ ತೆಗೆ ಎಂದೆವು. ಅವನು ಮುಖ ಸಪ್ಪಗೆ ಮಾಡಿಕೊಂಡನು. ನಾವು ಹೊರಟು ಬಂದೆವು.

ಕೆಲವು ತಿಂಗಳ ಮೇಲೆ ಅವನಿಂದ ಒಂದು ದಪ್ಪ ಲಕೋಟೆ ಬಂದಿತು. ಬೆತ್ತ ಹೋಗಿದೆ, ಋಷಿ ಹೋಗಿದ್ದಾನೆ. ಈಗ ನಾಯಕನು ಒಬ್ಬ ಸಣ್ಣ ಬೆಳೆಗಾರನ ಮಗ. ಅವನಿಗೆ ವರ್ಷಕ್ಕೊಮ್ಮೆ, ಒಂದೇ ಒಂದು ಮಳೆಯನ್ನು ಕರೆಯುವ ಶಕ್ತಿಯಿದೆ. ಆದರೆ ಮಳೆಯು ಬೇಲಿಯನ್ನು ನೋಡಿ ಸುರಿಯುವುದಿಲ್ಲ. ತನ್ನ ತೋಟದ ಮೊಗ್ಗು ಒಣಗುತ್ತಿದೆಯೆಂದು ಅವನು ಹೂಮಳೆಯನ್ನು ಕರೆಯುತ್ತಾನೆ. ಪಕ್ಕದ ತೋಟದ ಮುದುಕಿಯು ಹತ್ತು ದಿನ ಮೊದಲೇ ಹೊಳೆಯಿಂದ ನೀರೆತ್ತಿ ಗಿಡಗಳಿಗೆ ಹಾಯಿಸಿದ್ದಳು, ಅವಳ ಹೂವೆಲ್ಲ ಅಂದೇ ಅರಳಿ ನಿಂತಿದ್ದುವು. ಊರವರು ಅಕಾಲದ ಮಳೆಗೆ ಅವಳ ಮಾಟವೇ ಕಾರಣವೆನ್ನುತ್ತಾರೆ. ಅಲ್ಲವೆಂದು ಬಲ್ಲವನು ಹುಡುಗನೊಬ್ಬನೇ.

ಕಥೆ ಇನ್ನೂ ಮುಗಿದಿಲ್ಲ. ಹುಡುಗನು ನಿಜವನ್ನು ಹೇಳಿದರೆ ಯಾರು ನಂಬುವರು, ಹೇಗೆ ತೋರಿಸುವನು ಎಂಬಲ್ಲಿ ಸಿಕ್ಕಿಕೊಂಡಿದ್ದಾನಂತೆ. ಜೊತೆಗೆ ಒಂದು ಸಂದೇಹವನ್ನೂ ಕೇಳಿದ್ದಾನೆ: ಕೈಯಿಂದ ಹಾಯಿಸಿದ ನೀರಿಗೂ ಮಳೆಗೂ ಹೂವು ಬಿರಿಯುವ ದಿನಗಳಲ್ಲಿ ವ್ಯತ್ಯಾಸ ಉಂಟೇ, ಉಂಟಾದರೆ ಎಷ್ಟು? ಬಾಳೆಹೊನ್ನೂರಿನ ಬಳಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ಅಲ್ಲಿಗೆ ಹೋಗಿ ಕೇಳಿ ತಿಳಿದು ನಮಗೂ ಬರೆಯಬೇಕೆಂದು ಉತ್ತರ ಹಾಕಿದ್ದೇವೆ.